ಏಳು ವಾರದಿಂದ ಮುಳ್ಳು 81ರಲ್ಲೇ ನಿಂತಿದೆ, ಇನ್ನೂ ಊಟ ಕಡಿಮೆ ಮಾಡಬೇಕಾ?

ಗಂಗಾವತಿ ಕಾಟಾ

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ. ಎತ್ತರ 5 ಅಡಿ 6 ಇಂಚು. ಗಂಗಾವತಿ ಹತ್ತಿರ ಒಂದು ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಭತ್ತದ ಲಾರಿ ಬಂದಾಗ ಕಾಟಾದ ಮೇಲೂ ನಾನೇ. ತುಂಬಿದ ಲಾರಿಯ ತೂಕ ಬರೆದುಕೊಳ್ಳುವುದು, ಖಾಲಿ ಮಾಡಿ ಬಂದ ಮೇಲೆ ಇನ್ನೊಮ್ಮೆ ತೂಗುವುದು, ಕಳೆದು ರೈತರಿಗೆ ಚೀಟಿ ಕೊಡುವುದು. ಹದಿನೆಂಟು ವರ್ಷದಿಂದ ಇದೇ ಕೆಲಸ.

ಹೋದ ದೀಪಾವಳಿ ಹೊತ್ತಿಗೆ ರಕ್ತ ಪರೀಕ್ಷೆ ಮಾಡಿಸಿದೆ. ಮೂರು ತಿಂಗಳ ಸಕ್ಕರೆ ಸರಾಸರಿ 6.2 ಬಂತು. 5.7ರಿಂದ 6.4ರವರೆಗೆ ಸಕ್ಕರೆ ಕಾಯಿಲೆಯ ಹಿಂದಿನ ಹಂತ, ಈಗಲೇ ತೂಕ ಇಳಿಸಿದರೆ ಮಾತ್ರೆ ಬೇಕಾಗಲಿಕ್ಕಿಲ್ಲ ಅಂದರು ಡಾಕ್ಟರು. ನಮ್ಮ ಅಪ್ಪನಿಗೆ ಸಕ್ಕರೆ ಇತ್ತು. ಕೊನೆಯಲ್ಲಿ ಬಲಗಾಲಿನ ಎರಡು ಬೆರಳು ತೆಗೆಯಬೇಕಾಯಿತು. ಆ ಗಾಯಕ್ಕೆ ದಿನಾ ಬೆಳಿಗ್ಗೆ ಪಟ್ಟಿ ಕಟ್ಟಿದವನು ನಾನು. ಹಾಗಾಗಿ 6.2 ಅಂತ ಕೇಳಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಗ ತೂಕ 92.4. ಮೂರು ಹೊತ್ತು ಅನ್ನ ಇದ್ದದ್ದನ್ನು ಒಂದೇ ಹೊತ್ತಿಗೆ ಇಳಿಸಿದೆ. ಸಕ್ಕರೆ ಹಾಕಿದ ಚಹಾ ಬಿಟ್ಟೆ. ಸಂಜೆ ಮಿಲ್ ಗೇಟಿನ ಎದುರಿಗಿನ ಒಗ್ಗರಣಿ ಮಿರ್ಚಿ ಭಾನುವಾರಕ್ಕೆ ಮಾತ್ರ. ಬೆಳಿಗ್ಗೆ ಐದೂವರೆಗೆ ಎಡದಂಡೆ ಕಾಲುವೆ ಪಕ್ಕ 45 ನಿಮಿಷ ನಡಿಗೆ. ಶನಿವಾರ ಅಂಜನಾದ್ರಿ ಹತ್ತುತ್ತೇನೆ. 575 ಮೆಟ್ಟಿಲು. ಮೊದಲ ಶನಿವಾರ ಏಳು ಸಲ ಕೂತು ಹತ್ತಿದ್ದೆ. ಈಗ ಒಂದೇ ಸಲ ನಿಂತು ನೀರು ಕುಡಿದರೆ ಸಾಕು.

ಮೊದಲ ತಿಂಗಳು ನಾಲ್ಕು ಕಿಲೋ ಇಳಿಯಿತು. ಸಂಕ್ರಾಂತಿಗೆ 85. ಶಿವರಾತ್ರಿಗೆ 82.6. ಯುಗಾದಿಗೆ 81. ಅಷ್ಟೇ. ಅಲ್ಲಿಂದ ಏಳು ವಾರ ಆಯಿತು. 80.8, 81.4, 81.1, 81.6, ಮತ್ತೆ 81. ದಿನಾ ಬೆಳಿಗ್ಗೆ ಮುಖ ತೊಳೆದು ಮೊದಲು ತಕ್ಕಡಿ ಹತ್ತುತ್ತೇನೆ. ಆ ನಂಬರ್ ನೋಡಿದ ಮೇಲೆ ಇಡೀ ದಿನ ಮನಸ್ಸು ಸರಿ ಇರುವುದಿಲ್ಲ.

ಊಟ ಹೀಗಿದೆ. ಬೆಳಿಗ್ಗೆ ಎರಡು ಜೋಳದ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ (ಚಟ್ನಿಪುಡಿ), ಹಿಂಡಿಗೆ ಸ್ವಲ್ಪ ಎಣ್ಣೆ. ಮಧ್ಯಾಹ್ನ ಡಬ್ಬಿಯಲ್ಲಿ ಒಂದು ರೊಟ್ಟಿ, ಒಂದು ಬಟ್ಟಲು ಅನ್ನ, ಸಾರು, ಮಜ್ಜಿಗೆ. ಸಂಜೆ ಮಿರ್ಚಿ ಬದಲು ಹುರಿದ ಶೇಂಗಾ ಒಂದು ಹಿಡಿ. ರಾತ್ರಿ ಎರಡು ರೊಟ್ಟಿ, ಪುಂಡಿಪಲ್ಯನೋ ಕಾಳು ಪಲ್ಯನೋ. ಮೊಟ್ಟೆ, ಮಾಂಸ ನಮ್ಮ ಮನೆಯಲ್ಲಿ ಇಲ್ಲ.

ನಡುವೆ ಎರಡು ತಪ್ಪು ಮಾಡಿದೆ, ಅದನ್ನೂ ಹೇಳಿಬಿಡುತ್ತೇನೆ. ಪರಿಚಯದವರೊಬ್ಬರು ಊಟದ ಬದಲು ಕುಡಿಯುವ ಪುಡಿ ಕೊಟ್ಟರು. ಎರಡು ಡಬ್ಬಿಗೆ ಅರ್ಧ ತಿಂಗಳ ಮನೆ ಸಂತೆ ದುಡ್ಡು ಹೋಯಿತು. ಹೊಟ್ಟೆ ಕೆಟ್ಟಿತೇ ಹೊರತು ತೂಕ ಇಳಿಯಲಿಲ್ಲ. ಆಮೇಲೆ ಈ ತಿಂಗಳು ಒಂಬತ್ತು ದಿನ ರಾತ್ರಿ ಊಟ ಪೂರ್ತಿ ಬಿಟ್ಟೆ. ಈಗ ಬೇಸಿಗೆ ಬೆಳೆ ಬರುವ ಸೀಸನ್. ರಾತ್ರಿ ಹತ್ತರವರೆಗೂ ಲಾರಿ ಸಾಲು ಇರುತ್ತದೆ. ಒಂಬತ್ತನೇ ದಿನ ತಲೆ ಭಾರ, ಕಣ್ಣು ಮಂಜು. ಒಬ್ಬ ರೈತರ ಖಾಲಿ ಲಾರಿಯ ತೂಕ 8,460 ಅಂತ ಬರೆಯುವ ಬದಲು 8,640 ಬರೆದುಬಿಟ್ಟೆ. 180 ಕಿಲೋ. 75 ಕಿಲೋ ಚೀಲದ ಲೆಕ್ಕದಲ್ಲಿ ಎರಡು ಚೀಲಕ್ಕೂ ಮಿಕ್ಕಿ ಅವರಿಗೆ ಲುಕ್ಸಾನು. ಅವರು ಚೀಟಿ ಹಿಡಿದುಕೊಂಡು ವಾಪಸ್ ಬಂದು, "ಅಣ್ಣಾರೆ, ಒಂದ್ಸಲ ನೋಡ್ರಿ" ಅಂದಾಗ ನನ್ನ ಕೈ ನಡುಗಿತು. ತಿದ್ದಿಕೊಟ್ಟೆ, ಕ್ಷಮೆ ಕೇಳಿದೆ. ಹದಿನೆಂಟು ವರ್ಷದಲ್ಲಿ ಕಾಟಾದ ಮೇಲೆ ನನ್ನ ಕೈಯಿಂದ ಇಂಥ ತಪ್ಪು ಆಗಿರಲಿಲ್ಲ. ಅವತ್ತೇ ರಾತ್ರಿ ಊಟ ಮತ್ತೆ ಶುರು ಮಾಡಿದೆ.

ನನ್ನ ಪ್ರಶ್ನೆ ಇಷ್ಟೇ. ಅದೇ ಊಟ, ಅದೇ ನಡಿಗೆ. ಮೊದಲು ಇಳಿಯುತ್ತಿದ್ದ ತೂಕ ಈಗ ಯಾಕೆ ಇಳಿಯುತ್ತಿಲ್ಲ? ಇನ್ನೂ ಊಟ ಕಡಿಮೆ ಮಾಡಬೇಕಾ? ಇಲ್ಲಾ ನನ್ನ ದೇಹಕ್ಕೆ ಇಷ್ಟೇನಾ? 75ಕ್ಕೆ ಬರಬೇಕು ಅಂತ ಆಸೆ. ಇದನ್ನು ದಾಟಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಸಿಂಧನೂರು ತಮ್ಮ

ಅಣ್ಣ, ಅನ್ನ ಪೂರ್ತಿ ಬಿಟ್ಟುಬಿಡಿ. ಬರೀ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ ತಿನ್ನಿ. ಎಷ್ಟು ತಿಂದರೂ ರೊಟ್ಟಿಯಿಂದ ತೂಕ ಬರಲ್ಲ. ನಮ್ಮ ಅಜ್ಜ ಜೋಳ ತಿಂದೇ 90 ವರ್ಷ ಗಟ್ಟಿಯಾಗಿದ್ದರು.

ರಾಯಚೂರು ಟೇಲರ್ ಅಕ್ಕ

ಅಣ್ಣಾರೆ, ನಿಮ್ಮ ಅಪ್ಪಾರ ವಿಷಯ ಓದಿ ಮನಸ್ಸಿಗೆ ಕಷ್ಟ ಆಯಿತು. ಮೊದಲು ಒಂದು ಮಾತು. ರಾತ್ರಿ ಊಟ ಮತ್ತೆ ಶುರು ಮಾಡಿದ್ದು ಒಳ್ಳೆಯದಾಯಿತು. ಇನ್ನು ಬಿಡಬೇಡಿ.

ನಾನು ರಾಯಚೂರಲ್ಲಿ ಮನೆಯಲ್ಲೇ ಬ್ಲೌಸ್, ಚೂಡಿದಾರ ಹೊಲಿಯುತ್ತೇನೆ. ಎರಡನೇ ಹೆರಿಗೆ ಆದ ಮೇಲೆ 79 ಕಿಲೋ ಇದ್ದೆ. 70ಕ್ಕೆ ಬಂದು ಹತ್ತು ವಾರ ನಿಂತಿತು. ನಿಮ್ಮ ಹಾಗೇ ಅಳು ಬರುತ್ತಿತ್ತು. ಹಿಡಿದು ಹಿಡಿದು ತಿನ್ನುತ್ತಿದ್ದೇನೆ, ಮತ್ತೆ ಎಲ್ಲಿಂದ ಬರುತ್ತಿದೆ ಅಂತ.

ಸಿಕ್ಕಿದ್ದು ಎಲ್ಲಿ ಗೊತ್ತಾ? ಎಣ್ಣೆ ಕ್ಯಾನಿನಲ್ಲಿ. ಅವತ್ತು ಕ್ಯಾನು ಖಾಲಿಯಾಗಿ ಅಂಗಡಿಗೆ ಹೊರಟಿದ್ದೆ. ಹೋದ ಸಲ ಯಾವಾಗ ತಂದದ್ದು ಅಂತ ಚೀಟಿ ನೋಡಿದರೆ ಸರಿಯಾಗಿ ಒಂದು ತಿಂಗಳು. ಐದು ಲೀಟರು, ಮನೆಯಲ್ಲಿ ನಾಲ್ಕು ಜನ. ಮಗಳ ಕೈಲಿ ಲೆಕ್ಕ ಹಾಕಿಸಿದೆ. ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು 38 ಗ್ರಾಂ ಎಣ್ಣೆ. ಎಣ್ಣೆ ಗ್ರಾಂಗೆ 9 ಕ್ಯಾಲೊರಿ. ಅಂದರೆ 340. ಎರಡು ಜೋಳದ ರೊಟ್ಟಿ ಸಮ! ನಾನು ರೊಟ್ಟಿ ಎಣಿಸುತ್ತಿದ್ದೆ. ಬದನೆಕಾಯಿ ಎಣ್ಣೆಗಾಯಿ ಮೇಲೆ ತೇಲುವ ಎಣ್ಣೆಯನ್ನು ಎಣಿಸಿರಲೇ ಇಲ್ಲ.

ಈಗ ಕ್ಯಾನಿನ ಮೇಲೆ ಮಾರ್ಕರ್ ಪೆನ್ನಲ್ಲಿ ವಾರಕ್ಕೊಂದು ಗೆರೆ ಹಾಕಿದ್ದೇನೆ. ಆ ವಾರ ಆ ಗೆರೆ ದಾಟುವ ಹಾಗಿಲ್ಲ. ಒಗ್ಗರಣೆಗೆ ಕ್ಯಾನಿಂದ ಸುರಿಯುವುದಿಲ್ಲ, ಚಮಚದಲ್ಲೇ. ಐದು ಲೀಟರು ಮೂರಕ್ಕೆ ಬಂತು. ಗಂಡ, ಮಕ್ಕಳು ಒಬ್ಬರೂ ರುಚಿ ಕೆಟ್ಟಿದೆ ಅನ್ನಲಿಲ್ಲ.

ನೀವು "ಹಿಂಡಿಗೆ ಸ್ವಲ್ಪ ಎಣ್ಣೆ" ಅಂತ ಬರೆದಿದ್ದೀರಿ. "ಶೇಂಗಾ ಒಂದು ಹಿಡಿ" ಅಂದಿದ್ದೀರಿ. ಸ್ವಲ್ಪ ಅಂದರೆ ಎಷ್ಟು? ಹಿಡಿ ಯಾರದು, ನಿಮ್ಮದಾ, ನಿಮ್ಮ ಮಗುವಿನದಾ? ಲಾರಿ ತೂಗುವವರಿಗೆ ಶೇಂಗಾ ತೂಗುವುದು ದೊಡ್ಡ ಕೆಲಸ ಅಲ್ಲ. ಒಂದೇ ಒಂದು ವಾರ ಎಲ್ಲವನ್ನೂ ತೂಗಿ ಬರೆಯಿರಿ. ಕಡಿಮೆ ಮಾಡಬೇಡಿ, ಸುಮ್ನೆ ಬರೆಯಿರಿ.

ಇನ್ನೊಂದು. ಟೇಪು ಹಿಡಿಯಿರಿ. ಆ ಹತ್ತು ವಾರ ನನ್ನ ತೂಕ ಒಂದು ಕಿಲೋ ಕೂಡ ಆಚೀಚೆ ಆಗಿರಲಿಲ್ಲ. ಆದರೆ ನನ್ನ ಬ್ಲೌಸ್ ಅಳತೆ ಪುಸ್ತಕದಲ್ಲೇ ಇದೆಯಲ್ಲ. ತೆಗೆದು ನೋಡಿದರೆ ಸೊಂಟ ಒಂದೂವರೆ ಇಂಚು ಒಳಗೆ ಹೋಗಿತ್ತು. ಹೊಕ್ಕುಳ ಮಟ್ಟದಲ್ಲಿ, ಉಸಿರು ಬಿಟ್ಟ ಮೇಲೆ, ಟೇಪು ಬಿಗಿ ಮಾಡದೆ ಅಳೆಯಬೇಕು. ಹೊಟ್ಟೆ ಒಳಗೆ ಎಳೆದುಕೊಂಡು ಅಳೆದರೆ ಸುಳ್ಳು ಅಳತೆ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80ರ ಒಳಗೆ ಇರಬೇಕು ಅನ್ನುತ್ತಾರೆ. ನಿಮಗೆ ಮೂವತ್ತೈದೂವರೆ ಇಂಚು ಹತ್ತಿರ.

ಬಳ್ಳಾರಿ ಲ್ಯಾಬ್

ಸರ್, ನಾನು ಬಳ್ಳಾರಿಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಡಾಕ್ಟರ್ ಅಲ್ಲ. ಊರು ಸಿರುಗುಪ್ಪ ಕಡೆ, ಭತ್ತದವರೇ. ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ, ಅದಕ್ಕೆ ಒಂದಿಷ್ಟು ಸೇರಿಸುತ್ತೇನೆ.

"ಅದೇ ಊಟ, ಅದೇ ನಡಿಗೆ" ಅಂದಿರಿ. ಆದರೆ ನೀವು ಅದೇ ಮನುಷ್ಯ ಅಲ್ಲ ಸರ್, 11 ಕಿಲೋ ಕಡಿಮೆ ಇದ್ದೀರಿ. ಸುಮ್ನೆ ಮಲಗಿದ್ದರೂ ದೇಹಕ್ಕೆ ಎಷ್ಟು ಬೇಕು ಅಂತ ಲೆಕ್ಕ ಹಾಕುವ ಒಂದು ಸೂತ್ರ ಇದೆ, ಮಿಫ್ಲಿನ್ ಅಂತ, 1990ರದ್ದು. ಅದಕ್ಕೆ ನಿಮ್ಮ ವಯಸ್ಸು, ಎತ್ತರ ಹಾಕಿ ನೋಡಿದೆ. 92 ಕಿಲೋ ಇದ್ದಾಗ ಸುಮಾರು 1,760 ಕ್ಯಾಲೊರಿ. 81ಕ್ಕೆ 1,650. ಓಡಾಟವೂ ಸೇರಿದರೆ ದಿನಕ್ಕೆ 150ರಷ್ಟು ವ್ಯತ್ಯಾಸ ಬರುತ್ತದೆ. ಖಾಲಿ ಲಾರಿಗೆ ಡೀಸೆಲ್ ಕಡಿಮೆ ಸಾಕು ಅಲ್ವಾ, ಹಾಗೆ. ದೇಹ ಇದಕ್ಕಿಂತ ಇನ್ನೂ ಸ್ವಲ್ಪ ಹಿಡಿತ ಮಾಡುತ್ತದೆ. ತಿನ್ನುವುದು ಕಡಿಮೆ ಆದಾಗ ನಮಗೇ ಗೊತ್ತಿಲ್ಲದೆ ಓಡಾಟ ಕಡಿಮೆಯಾಗುತ್ತದೆ, ಹಸಿವು ಜಾಸ್ತಿಯಾಗುತ್ತದೆ. ಹಾಗಾಗಿ ಒಂದು ಕಡೆ ಬಂದು ನಿಲ್ಲುವುದು ಎಲ್ಲರಿಗೂ ಆಗುತ್ತದೆ. ನಿಮ್ಮ ತಪ್ಪಲ್ಲ.

ಒಂದು ವಿಷಯ ಮಾತ್ರ ನೀವು ಬರೆದೂ ಗಮನಿಸಿಲ್ಲ. ಇದು ಸೀಸನ್. ಯುಗಾದಿಯಿಂದ ಇಲ್ಲಿಯವರೆಗೆ ಕಾಟಾ ರೂಮಿನ ಕುರ್ಚಿ ಬಿಟ್ಟು ಎಷ್ಟು ಸಲ ಎದ್ದಿದ್ದೀರಿ? ಬೇರೆ ದಿನ ಗೋಡೌನ್, ಆಫೀಸು ಅಂತ ಓಡಾಡುತ್ತಿದ್ದಿರಿ. ಈಗ ಬೆಳಿಗ್ಗೆಯ 45 ನಿಮಿಷ ಬಿಟ್ಟರೆ ರಾತ್ರಿ ಹತ್ತರವರೆಗೆ ಕೂತೇ ಇರುತ್ತೀರಿ. ನಿದ್ದೆಯೂ ಕಡಿಮೆ ಆಗಿರುತ್ತದೆ. ತೂಕ ನಿಂತ ದಿನ, ಲಾರಿ ಸಾಲು ಶುರುವಾದ ದಿನ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಇನ್ನು ತೇವ. ಭತ್ತ ತೂಗುವಾಗ ಬರೀ ತೂಕ ನೋಡಿ ದುಡ್ಡು ಕೊಡುತ್ತೀರಾ? ಮೀಟರ್ ಇಟ್ಟು ತೇವ ನೋಡುತ್ತೀರಿ. 17 ಪರ್ಸೆಂಟ್‌ಗಿಂತ ಜಾಸ್ತಿ ಇದ್ದರೆ ಸರ್ಕಾರಿ ಖರೀದಿಯಲ್ಲೂ ತೆಗೆದುಕೊಳ್ಳುವುದಿಲ್ಲ. ತೂಕ ಇರುತ್ತದೆ, ಅದರಲ್ಲಿ ಅಕ್ಕಿ ಇರುವುದಿಲ್ಲ. ನಿಮ್ಮ ಮೈಯೂ ಹಾಗೇ. ದೇಹದಲ್ಲಿ ಕೂಡಿಟ್ಟ ಸಕ್ಕರೆಯ ಒಂದು ಗ್ರಾಂ ಜೊತೆ ಮೂರು ಗ್ರಾಂನಷ್ಟು ನೀರು ಇರುತ್ತದೆ. ಮೊದಲ ತಿಂಗಳು ಇಳಿದ ನಾಲ್ಕು ಕಿಲೋದಲ್ಲಿ ಈ ನೀರೂ ಇತ್ತು, ಅದಕ್ಕೇ ಅಷ್ಟು ಬೇಗ ಹೋಯಿತು. ಈಗ 42 ಡಿಗ್ರಿ ಬಿಸಿಲು. ಉಪ್ಪು ಹಾಕಿದ ಮಜ್ಜಿಗೆ ಎಷ್ಟು ಲೋಟ? ಉಪ್ಪಿನಕಾಯಿ? ದಿನಕ್ಕೆ ಒಟ್ಟು 5 ಗ್ರಾಂ ಉಪ್ಪು ಮಿತಿ, ಒಂದು ಸಣ್ಣ ಚಮಚ ಅಷ್ಟೇ. ಉಪ್ಪು ಜಾಸ್ತಿಯಾದರೆ ನೀರು ನಿಲ್ಲುತ್ತದೆ, ಒಳಗೆ ಕೊಬ್ಬು ಕರಗಿದ್ದರೂ ಮುಳ್ಳು ತೋರಿಸುವುದಿಲ್ಲ. ಅದಕ್ಕೆ ಒಂದು ದಿನದ ನಂಬರ್ ನಂಬಬೇಡಿ. ಏಳು ದಿನದ್ದು ಕೂಡಿಸಿ ಭಾಗಿಸಿ. ಹೋದ ವಾರದ ಸರಾಸರಿ ಜೊತೆ ಅದನ್ನು ಹೋಲಿಸಿ.

ಅಕ್ಕ ತೂಗಿ ಬರೆಯಿರಿ ಅಂದರಲ್ಲ, ಅದಕ್ಕೆ ಒಂದು ಪರೀಕ್ಷೆಯೇ ನಡೆದಿದೆ. 1992ರಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದದ್ದು. ತುಂಬಾ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಅನ್ನುವ ಹತ್ತು ಜನರನ್ನು ಪಕ್ಕಾ ವಿಧಾನದಲ್ಲಿ ಅಳೆದರು. ದೇಹ ಖರ್ಚು ಮಾಡುವುದು ಸರಿಯಾಗೇ ಇತ್ತು. ಆದರೆ ತಿಂದದ್ದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು, 47 ಪರ್ಸೆಂಟ್, ಅವರ ಲೆಕ್ಕಕ್ಕೇ ಬಂದಿರಲಿಲ್ಲ. ಕಣ್ಣಳತೆಯಲ್ಲಿ ನಮಗೆಲ್ಲರಿಗೂ ಹೀಗೇ ತಪ್ಪುತ್ತದೆ.

ಸಿಂಧನೂರು ತಮ್ಮ, ಬೇಜಾರಾಗಬೇಡ. ಜೋಳ ಒಳ್ಳೆಯದೇ. ಆದರೆ 100 ಗ್ರಾಂ ಜೋಳದಲ್ಲಿ ಸುಮಾರು 334 ಕ್ಯಾಲೊರಿ, ಅಕ್ಕಿಯಲ್ಲಿ 356. ಹೆಚ್ಚು ಫರಕಿಲ್ಲ. ಜೋಳದಲ್ಲಿ ನಾರು 10 ಗ್ರಾಂ, ಅಕ್ಕಿಯಲ್ಲಿ 3ಕ್ಕಿಂತ ಕಡಿಮೆ. ಹೊಟ್ಟೆ ಬೇಗ ತುಂಬುತ್ತದೆ, ಅದೇ ಲಾಭ. ಎಷ್ಟು ತಿಂದರೂ ನಡೆಯುತ್ತದೆ ಅನ್ನುವುದು ಮಾತ್ರ ಸರಿಯಲ್ಲ. ನಿನ್ನ ಅಜ್ಜ ರೊಟ್ಟಿ ತಿಂದು ಗಳೆ ಹೊಡೆಯುತ್ತಿದ್ದರು. ನಾವು ತಿಂದು ಕುರ್ಚಿ ಮೇಲೆ ಕೂರುತ್ತೇವೆ.

ಸರ್, ಮುಂದಿನ ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಕೂಡ ನೋಡಿಸಿ. ಬೇರೆ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ, ಕೆಲವು ಮಾತ್ರೆಗಳಿಂದ ತೂಕ ಏರುತ್ತದೆ. ಇದನ್ನು ಓದುವ ಸಕ್ಕರೆ ಮಾತ್ರೆಯವರು, ಇನ್ಸುಲಿನ್‌ನವರು ಕೇಳದೆ ಊಟ ಬಿಡಲೇಬೇಡಿ. ಸಕ್ಕರೆ ಏಕದಂ ಇಳಿದರೆ ಜೀವಕ್ಕೇ ಅಪಾಯ.

ಗಂಗಾವತಿ ಕಾಟಾ

ಇಬ್ಬರಿಗೂ ಕೈ ಮುಗಿಯುತ್ತೇನೆ. ಬೇರೆ ಯಾವ ಮಾತ್ರೆಯೂ ಇಲ್ಲ.

ಇವತ್ತು ಸಂಜೆಯೇ ಒಂದು ಕೆಲಸ ಮಾಡಿದೆ. ನಮ್ಮಲ್ಲಿ ಅಕ್ಕಿ ಸ್ಯಾಂಪಲ್ ತೂಗುವ ಸಣ್ಣ ತಕ್ಕಡಿ ಇದೆ, ನುಚ್ಚು ಎಷ್ಟಿದೆ ಅಂತ ನೋಡಲಿಕ್ಕೆ. ಅದರ ಮೇಲೆ ಕಾಗದ ಹಾಕಿ, ದಿನಾ ತೆಗೆದುಕೊಳ್ಳುವ ಹಾಗೇ ಒಂದು ಹಿಡಿ ಶೇಂಗಾ ಇಟ್ಟೆ. 58 ಗ್ರಾಂ. ನಂಬಲಿಲ್ಲ. ವಾಪಸ್ ಡಬ್ಬಿಗೆ ಸುರಿದು ಮತ್ತೆ ಹಿಡಿ ತುಂಬಿದೆ. 61. ನೂರು ಗ್ರಾಂ ಶೇಂಗಾಕ್ಕೆ ಸುಮಾರು 570 ಕ್ಯಾಲೊರಿ ಅಂತ ನೋಡಿದೆ. ಅಂದರೆ ನನ್ನ ಒಂದು ಹಿಡಿಗೆ 330ರ ಮೇಲೆ. ಸೀಸನ್ನಿನಲ್ಲಿ ರಾತ್ರಿ ಎಂಟಕ್ಕೆ ಇನ್ನೊಂದು ಹಿಡಿ ಆಗುತ್ತಿತ್ತು. ಅದನ್ನು ಇಲ್ಲಿ ಬರೆಯಲೂ ಇಲ್ಲ, ನೆನಪೇ ಇರಲಿಲ್ಲ.

ಮಜ್ಜಿಗೆ ಆರು ಲೋಟ. ಉಪ್ಪು ನಮ್ಮ ಹುಡುಗ ಹಾಕುತ್ತಾನೆ, ಎಷ್ಟು ಅಂತ ನೋಡಿಲ್ಲ.

ಲಾರಿ ರಿಜಿಸ್ಟರ್ ತೆಗೆದು ನೋಡಿದೆ. ಈ ಬೆಳೆಯ ಮೊದಲ ಲಾರಿ ಬಂದ ವಾರಕ್ಕೂ ನನ್ನ ತೂಕ ನಿಂತ ವಾರಕ್ಕೂ ನಾಲ್ಕೇ ದಿನ ವ್ಯತ್ಯಾಸ.

ರಾಯಚೂರು ಟೇಲರ್ ಅಕ್ಕ

ನೋಡಿದ್ರಾ ಅಣ್ಣಾರೆ! ಶೇಂಗಾ ಪೂರ್ತಿ ಬಿಡಬೇಡಿ, ನೀವು ಮೊಟ್ಟೆ ತಿನ್ನುವವರಲ್ಲ. 20 ಗ್ರಾಂ ತೂಗಿ ಸಣ್ಣ ಪೊಟ್ಟಣ ಕಟ್ಟಿ ಒಯ್ಯಿರಿ. ರಾತ್ರಿ ಒಂದು ರೊಟ್ಟಿ ಕಡಿಮೆ ಮಾಡಿ, ಆ ಜಾಗಕ್ಕೆ ನೆನೆಸಿದ ಹೆಸರುಕಾಳೋ ಮಡಕಿಕಾಳೋ ಒಂದು ಬಟ್ಟಲು ಜಾಸ್ತಿ. ಹಸಿವು ತಡೆಯುತ್ತದೆ. ಮೈಯಲ್ಲಿ ಶಕ್ತಿ ಉಳಿಯಲು ಸ್ವಲ್ಪ ಭಾರದ ಕೆಲಸವೂ ಬೇಕು, ಬರೀ ನಡೆದರೆ ಕೊಬ್ಬಿನ ಜೊತೆ ಮಾಂಸಖಂಡವೂ ಇಳಿಯುತ್ತದೆ. ನಾನು ಮೆಷಿನ್ ಸ್ಟೂಲಿಂದ ಕೈ ಊರದೆ ಎದ್ದು ಕೂರುವುದು, 15 ಸಲ, ಮೂರು ಸರ್ತಿ. ಆಮೇಲೆ ಗೋಡೆಗೆ ಕೈ ಕೊಟ್ಟು ದಂಡ. ವಾರಕ್ಕೆ ಮೂರು ದಿನ.

ಗಂಗಾವತಿ ಕಾಟಾ

ಐದು ವಾರ ಆಯಿತು. ಬಂದು ಹೇಳುತ್ತೇನೆ ಅಂದುಕೊಂಡಿದ್ದೆ, ಹೇಳುತ್ತಿದ್ದೇನೆ.

ಮೊದಲ ವಾರ ಏನೂ ಬದಲಿಸದೆ ಬರೆದೆ. ಶೇಂಗಾ, ಹಿಂಡಿಯ ಎಣ್ಣೆ, ಭಾನುವಾರದ ಮಿರ್ಚಿ, ಮೂರೇ ಸೇರಿ ನಾನು ಅಂದುಕೊಂಡದ್ದಕ್ಕಿಂತ ದಿನಕ್ಕೆ 500ರ ಹತ್ತಿರ ಜಾಸ್ತಿ. ಎರಡನೇ ವಾರದಿಂದ ಶೇಂಗಾ 20 ಗ್ರಾಂ. ಎಣ್ಣೆ ಚಮಚದಲ್ಲಿ. ಮಜ್ಜಿಗೆ ಅಷ್ಟೇ ಲೋಟ, ಉಪ್ಪು ಎರಡು ಲೋಟಕ್ಕೆ ಮಾತ್ರ, ಉಳಿದದ್ದಕ್ಕೆ ಕರಿಬೇವು, ಶುಂಠಿ. ಚೀಟಿ ಕೊಡಲು ಹುಡುಗನನ್ನು ಕಳಿಸುವುದು ನಿಲ್ಲಿಸಿದೆ. ಪ್ರತಿ ಲಾರಿಗೂ ನಾನೇ ಎದ್ದು ಹೋಗಿ ಕೊಡುತ್ತೇನೆ. ಒಂದು ದಿನ ಫೋನಿನಲ್ಲಿ ಎಣಿಸಿದರೆ ಇದರಿಂದಲೇ 3,000 ಹೆಜ್ಜೆ ಆಗಿತ್ತು. ಕುರ್ಚಿಯಿಂದ ಎದ್ದು ಕೂರುವುದು ವಾರಕ್ಕೆ ಮೂರು ದಿನ. ಮೊದಲ ದಿನದ ಮಾರನೆಗೆ ತೊಡೆ ಹಿಡಿದುಕೊಂಡು ಅಂಜನಾದ್ರಿಗೆ ಹೋಗಲೇ ಆಗಲಿಲ್ಲ.

ಹನ್ನೊಂದು ದಿನ ಮುಳ್ಳು ಅಲ್ಲಾಡಲಿಲ್ಲ. 81.3 ಕೂಡ ಆಯಿತು. ಲ್ಯಾಬ್ ತಮ್ಮ ತೇವದ ಮಾತು ಹೇಳದೆ ಇದ್ದಿದ್ದರೆ ಅವತ್ತೇ ಕೈಬಿಡುತ್ತಿದ್ದೆ. ಆ ವಾರ ತಕ್ಕಡಿಗಿಂತ ಟೇಪನ್ನೇ ಜಾಸ್ತಿ ನಂಬಿದೆ. ಹನ್ನೆರಡನೇ ದಿನ 80.2. ಈ ವಾರದ ಸರಾಸರಿ 79.1. ಹೊಟ್ಟೆ ಸುತ್ತಳತೆ 38 ಇಂಚು ಇದ್ದದ್ದು 36 ಮುಕ್ಕಾಲು. ಬೆಲ್ಟಿಗೆ ಮೊಳೆ ಕಾಯಿಸಿ ಹೊಸ ತೂತು ಹಾಕಿದೆ. ಥೈರಾಯ್ಡ್ ಸರಿಯಾಗಿದೆ. ಸಕ್ಕರೆ ಪರೀಕ್ಷೆ ಮುಂದಿನ ತಿಂಗಳು.

ಸೀಸನ್ ಮುಗಿಯಿತು. ಏಳು ಗಂಟೆ ನಿದ್ದೆ ಆಗುತ್ತಿದೆ. ಆ ರೈತರು ಮೊನ್ನೆ ಹಣ ತೆಗೆದುಕೊಂಡು ಹೋಗಲು ಬಂದಿದ್ದರು. ನನ್ನನ್ನು ನೋಡಿ, "ಅಣ್ಣಾರೆ, ಮುಖ ಈಗ ಕಳೆ ಬಂದೈತಿ, ಅವತ್ತು ಜ್ವರ ಬಂದವ್ರಂಗ ಇದ್ರಿ" ಅಂದರು. ಕೂರಿಸಿ ಚಹಾ ಕೊಡಿಸಿದೆ.

ಅಕ್ಕಾರೆ, ಒಂದು ಕೇಳಬೇಕಿತ್ತು. ನಮ್ಮ ಮನೆಯವರು ಕೇಳುತ್ತಿದ್ದಾರೆ, ಎಣ್ಣೆ ಹಾಕದೆ ರೊಟ್ಟಿಗೆ ಹಿಂಡಿ ಹೇಗೆ ಹಚ್ಚಿಕೊಳ್ಳುವುದು? ಒಣ ಪುಡಿ ಗಂಟಲಿಗೆ ಸಿಗುತ್ತದೆ.

ರಾಯಚೂರು ಟೇಲರ್ ಅಕ್ಕ

ತುಂಬಾ ಖುಷಿ ಆಯಿತು ಅಣ್ಣಾರೆ. ವೈನಿಗೆ ಹೇಳಿ, ಗಟ್ಟಿ ಮೊಸರಲ್ಲಿ ಕಲಸಲಿ. ಗುರೆಳ್ಳು (ಹುಚ್ಚೆಳ್ಳು) ಹಿಂಡಿ ಮೊಸರಿಗೆ ಬಹಳ ಚೆನ್ನಾಗಿ ಹೊಂದುತ್ತದೆ. ಗುರೆಳ್ಳು ಹುರಿಯುವಾಗಲೂ ಎಣ್ಣೆ ಬೇಡ. ಸಣ್ಣ ಉರಿಯಲ್ಲಿ ಚಟಪಟ ಅಂದ ಕೂಡಲೇ ಇಳಿಸಬೇಕು, ತಡ ಆದರೆ ಕಹಿ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಸ್ವಲ್ಪ ಹುಣಸೆಹಣ್ಣು ಹಾಕಿ ತರಿತರಿ ಕುಟ್ಟಬೇಕು. ಉಪ್ಪು ಕೊನೆಗೆ, ರುಚಿ ನೋಡಿಕೊಂಡು. ಗುರೆಳ್ಳಿನಲ್ಲೂ ಎಣ್ಣೆ ಇರುತ್ತದೆ, ಊಟಕ್ಕೆ ಒಂದು ಚಮಚ ಸಾಕು. ಸಕ್ಕರೆ ರಿಪೋರ್ಟ್ ಬಂದ ದಿನ ಇಲ್ಲಿ ಬರೆಯಿರಿ, ಕಾಯುತ್ತಿರುತ್ತೇನೆ.